ಪರದೆ ಮಿಣುಕಿದರೆ ಕಾರ್ಡೇ ಕೆಟ್ಟಿದೆ ಎಂದಲ್ಲ

ಕಾಸರಗೋಡು: ಗೇಮ್ ಆಡುವಾಗ ಕಂಪ್ಯೂಟರಿನ ಪರದೆ ಮಿಣುಕಿದರೆ ಸಾಕು, ‘ಗ್ರಾಫಿಕ್ಸ್ ಕಾರ್ಡ್ ಹೋಯ್ತು, ಹೊಸತು ಬೇಕು’ ಎಂದು ಮಕ್ಕಳ ಹಟ ಶುರು. ಹತ್ತಾರು ಸಾವಿರದ ಬಾಬತ್ತು. ಮಂಗಳೂರಿಗೆ ಬಸ್ಸು ಹತ್ತುವ ಮೊದಲು ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರದೆಯ ಜತೆ ಅದೂ ಮಿಣುಕಿದರೆ ಸಂಶಯ ಡ್ರೈವರ್ ಮೇಲೆ; ಅದೊಂದೇ ನಿಶ್ಚಲವಾಗಿದ್ದರೆ ಯಾವುದೋ ತಂತ್ರಾಂಶದ ಕಿತಾಪತಿ. ಹೊಸ ಡ್ರೈವರ್ ಹಾಕಿದ ಮೇಲೆ ಶುರುವಾದದ್ದಾದರೆ ಹಳೆಯದಕ್ಕೆ ಮರಳಬಹುದು, ಕಾಸು ಖರ್ಚಿಲ್ಲ.

ಎಷ್ಟೋ ಸಲ ಸಡಿಲ ಕೇಬಲೇ ಆರೋಪಿ! ಅದನ್ನು ಬದಲಿಸಿ, ರಿಫ್ರೆಶ್ ದರ 144 ಹರ್ಟ್ಸ್ ಇದ್ದರೆ 60ಕ್ಕೆ ಇಳಿಸಿ ನೋಡಿ. ಬೇರೆ ಮಾನಿಟರಿಗೆ ಜೋಡಿಸಿದರೂ ಬಣ್ಣದ ಚೌಕಗಳು ಮೂಡುತ್ತಿದ್ದರೆ ಕಾರ್ಡಿನದೇ ದೋಷವಿರಬಹುದು. ಆಗಲೂ ಹೊಸತು ಕೊಳ್ಳುವ ಮೊದಲು ಹಳೇ ಬಿಲ್ಲು ಹುಡುಕಿ, ವಾರಂಟಿ ಉಳಿದಿದೆಯೇ ನೋಡಿಕೊಳ್ಳಿ.