ಹ್ಯಾಂಗ್ ಆದ ಲಿನಕ್ಸ್: ಅಳಿಸುವ ಮೊದಲು ಲಾಗ್ ಓದಿ

ವೈಫೈ ಪದೇಪದೇ ಕಡಿದುಹೋಗಿ, ಅದರ ಬೆನ್ನಿಗೇ ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಬಹಳಷ್ಟು ಜನ ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಿಬಿಡುತ್ತಾರೆ. ಇದರಷ್ಟು ನಷ್ಟದ ಕೆಲಸ ಇನ್ನೊಂದಿಲ್ಲ. ದೋಷ ಎಲ್ಲಿದೆಯೆಂದು ಹೇಳಬಲ್ಲ ಲಾಗ್ ಕೂಡ ಅದರೊಂದಿಗೇ ಹೋಗುತ್ತದೆ. ಅರಸೀಕೆರೆ ತಾಲ್ಲೂಕಿನ ಗಂಡಸಿಯಂಥ ಊರಿನಲ್ಲಿ ‘ನಮ್ಮ ಕಡೆ ನೆಟ್‌ವರ್ಕೇ ಸರಿಯಿಲ್ಲ’ ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸಿನದು ಸುಮಾರು 6. ಎರಡನೆಯದು ದಪ್ಪ ಗೋಡೆ ದಾಟುವಾಗ ಹೆಚ್ಚು ಸೊರಗುತ್ತದೆ, ತೋಟದ ಹಸಿ ಗರಿಗಳೂ ಅಲೆಯನ್ನು ಹೀರುತ್ತವೆ. ಆದರೆ ಊಹಿಸುತ್ತ ಕೂರಬೇಕಿಲ್ಲ, ಪಿಂಗ್ ಮಾಡಿ ನೋಡಬಹುದು. ರೂಟರು ತಪ್ಪದೆ ಉತ್ತರಿಸಿ, ಹೊರಗಿನ ಐಪಿ ವಿಳಾಸ ಮಾತ್ರ ಉತ್ತರಿಸದಿದ್ದರೆ ಲ್ಯಾಪ್‌ಟಾಪಿನ ವೈಫೈಯನ್ನು ದೂರುವಂತಿಲ್ಲ. ರೂಟರೇ ಉತ್ತರಿಸದೆ, ಅದೇ ಜಾಗದಲ್ಲಿ ಅದೇ ಬ್ಯಾಂಡಿನಲ್ಲಿ ಫೋನು ಸರಾಗವಾಗಿ ನಡೆಯುತ್ತಿದ್ದರೆ ಅನುಮಾನ ಲ್ಯಾಪ್‌ಟಾಪಿನ ಮೇಲೆಯೇ.

‘ವಿಂಡೋಸಿನಲ್ಲಿ ಇದೇ ವೈಫೈ ಚೆನ್ನಾಗಿತ್ತಲ್ಲ’ ಎನ್ನುವವರ ಮಾತು ನ್ಯಾಯವಾದದ್ದು. ಆದರೆ ಅದರಿಂದ ತಿಳಿಯುವುದು ಚಿಪ್ ಕೆಟ್ಟಿರಲಾರದು ಎಂಬುದಷ್ಟೆ. ಆ ಚಿಪ್ಪನ್ನು ನಡೆಸುವ ಡ್ರೈವರ್ ಲಿನಕ್ಸಿನಲ್ಲಿ ಬೇರೆ, ಅನೇಕ ಸಲ ಫರ್ಮ್‌ವೇರ್ ಆವೃತ್ತಿಯೂ ಬೇರೆ. ಕೆಲವು ಚಿಪ್‌ಗಳು ಬ್ಯಾಟರಿ ಉಳಿಸಲು ರೇಡಿಯೊವನ್ನು ಮಲಗಿಸಿ, ಸಕಾಲಕ್ಕೆ ಎಬ್ಬಿಸಲಾಗದೆ ಸಂಪರ್ಕ ಕಳೆದುಕೊಳ್ಳುತ್ತವೆ. ಪವರ್ ಸೇವ್ ಆಫ್ ಮಾಡಿದರೆ ಇದು ಬಯಲಾಗುತ್ತದೆ. ಡ್ರೈವರ್ ಕರ್ನೆಲ್ಲಿನ ಒಳಗೇ ಓಡುವುದರಿಂದ ಅದರ ಒಂದು ತಪ್ಪು ಇಡೀ ಯಂತ್ರವನ್ನು ನಿಲ್ಲಿಸಬಲ್ಲದು. ಎರಡು ತೊಂದರೆ ಸದಾ ಜೊತೆಯಾಗಿ ಬಂದರೆ ನಾನು ಮೊದಲು ಶಂಕಿಸುವುದು ಇದನ್ನೇ.

ಪರದೆ ನಿಂತಿತೆಂದರೆ ಕರ್ನೆಲ್ ಸತ್ತಿತೆಂದಲ್ಲ. ಕ್ಯಾಪ್ಸ್ ಲಾಕ್ ಒತ್ತಿದಾಗ ದೀಪ ಬದಲಾದರೆ ಒಳಗೆ ಇನ್ನೂ ಜೀವವಿದೆ. ರ್‍ಯಾಮ್ ತುಂಬಿ, ಯಂತ್ರ ಹಾರ್ಡ್ ಡಿಸ್ಕಿನ ಸ್ವಾಪ್‌ನಲ್ಲಿ ಒದ್ದಾಡುತ್ತಿರಬಹುದು. ಆಗ ಬ್ರೌಸರಿನ ಟ್ಯಾಬ್‌ಗಳೇ ಕಾರಣವಾಗಿದ್ದು, ವೈಫೈ ನಿರಪರಾಧಿಯಾಗಿರಲೂ ಸಾಧ್ಯ. ದೀಪ ತಾನಾಗಿ ಮಿನುಗುತ್ತಿದ್ದರೆ ಅದು ಕರ್ನೆಲ್ ಪ್ಯಾನಿಕ್‌ನ ಸೂಚನೆ. ಜೀವವಿರುವಾಗ ಪವರ್ ಬಟನ್ ಅದುಮಿ ಹಿಡಿಯುವ ಬದಲು, ಆಲ್ಟ್ ಮತ್ತು ಸಿಸ್‌ರಿಕ್ ಕೀಗಳ ಜೊತೆ ಎಸ್, ಯು, ಬಿ ಅಕ್ಷರಗಳನ್ನು ಸಾವಕಾಶವಾಗಿ ಒಂದೊಂದಾಗಿ ಒತ್ತಬೇಕು: ಬರೆಯಬೇಕಾದ ಮಾಹಿತಿ ಡಿಸ್ಕಿಗೆ ಸೇರುತ್ತದೆ, ಡಿಸ್ಕ್ ಓದಲಷ್ಟೇ ತೆರೆದಿರುತ್ತದೆ, ಆಮೇಲೆ ಯಂತ್ರ ರೀಬೂಟ್ ಆಗುತ್ತದೆ. ಬಳಿಕ ಜರ್ನಲ್‌ಸಿಟಿಎಲ್ ಕಮಾಂಡಿನಿಂದ ಹಿಂದಿನ ಬೂಟಿನ ಕೊನೆಯ ಸಾಲುಗಳನ್ನು ಓದಬೇಕು. ಅಲ್ಲಿ ವೈಫೈ ಡ್ರೈವರಿನ ಹೆಸರಿದೆಯೇ, ಮೆಮೊರಿ ಸಾಲದೆ ಪ್ರೋಗ್ರಾಂ ಕೊಂದ ಸಂದೇಶವಿದೆಯೇ?

ಪೂರ್ತಿ ಹ್ಯಾಂಗ್ ಆದಾಗ ಲಾಗ್ ಡಿಸ್ಕಿಗೆ ತಲುಪುವುದೇ ಇಲ್ಲವಲ್ಲ ಎಂದು ಕೇಳಬಹುದು. ನಿಜ, ಹಾಗಾಗುತ್ತದೆ. ಆಗ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿ ಅದೇ ಕೆಲಸ ಮಾಡಿ ನೋಡಬೇಕು. ಅದರಲ್ಲಿ ತೊಂದರೆ ಮರುಕಳಿಸದಿದ್ದರೆ ಹೊಸ ಕರ್ನೆಲ್ಲಿನ ಮೇಲೆ ಅನುಮಾನ ಬಲವಾಗುತ್ತದೆ. ಮರುಕಳಿಸಿದರೆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ ರ್‍ಯಾಮ್ ಪರೀಕ್ಷಿಸುವುದು ಮುಂದಿನ ಕೆಲಸ.