ಅಪ್ಪನ ಮಾತ್ರೆ, ನನ್ನ ಪರ್ಸು ಮತ್ತು ಮೆಟ್ರೊ ಸುರಂಗ

ಮಾಗಡಿ ರೋಡ್ ಸ್ಟೇಷನ್ ದಾಟಿದ ಮೇಲೆ ನಮ್ಮ ಮೆಟ್ರೊದ ನೇರಳೆ ಮಾರ್ಗ ಸುರಂಗಕ್ಕೆ ಇಳಿಯುತ್ತದೆ. ಎಂ.ಜಿ. ರೋಡ್ ಹತ್ತಿರ ಬಂದಾಗ ಮತ್ತೆ ಬೆಳಕು. ನಡುವೆ ಇರೋದು ಐದೇ ಐದು ಸ್ಟೇಷನ್. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ದಿನಾ ಓಡಾಡುತ್ತಿದ್ದ ನಾನು ಆ ದಾರಿಯಲ್ಲಿ ಮೊಬೈಲ್‌ನಿಂದ ತಲೆಯನ್ನೇ ಎತ್ತುತ್ತಿರಲಿಲ್ಲ.

2024ರ ಫೆಬ್ರುವರಿಯ ಒಂದು ಸೋಮವಾರ ಎತ್ತಿದೆ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದರು, ಬಾಗಿಲು ಮುಚ್ಚಿತು. ಇದ್ದಕ್ಕಿದ್ದಂತೆ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಬೆರಳುಗಳು ಜೋಮು ಹಿಡಿದವು. ಎಷ್ಟು ಉಸಿರೆಳೆದರೂ ಸಾಲುತ್ತಿಲ್ಲ. ತಲೆಯಲ್ಲಿ ಒಂದೇ ಮಾತು: ‘ಅಪ್ಪನಿಗೆ ಆದದ್ದೇ ನನಗೂ ಆಗ್ತಿದೆ.’ ಅಪ್ಪ ಹೃದಯಾಘಾತದಿಂದ ಹೋದಾಗ ಅವರಿಗೆ 54 ವರ್ಷ. ನನಗೀಗ 29.

ವಿಧಾನಸೌಧ ಸ್ಟೇಷನ್‌ನಲ್ಲಿ ಇಳಿದು ಆಟೊ ಹಿಡಿದು ಆಸ್ಪತ್ರೆಗೆ ಓಡಿದೆ. ಇಸಿಜಿ, ರಕ್ತಪರೀಕ್ಷೆ, ಎಕೊ ಎಲ್ಲವೂ ನಾರ್ಮಲ್. ‘ಏನೂ ಇಲ್ಲ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ’ ಅಂದರು. ಏನೂ ಇಲ್ಲ ಅನ್ನೋದು ಸಮಾಧಾನ ಕೊಡಲಿಲ್ಲ. ಹಾಗಾದರೆ ಆಗಿದ್ದೇನು?

ಸಣ್ಣದಾಗುತ್ತಾ ಹೋದ ಊರು

ಮರುದಿನದಿಂದ ಮೆಟ್ರೊ ಬಿಟ್ಟೆ. ಬೆಳಿಗ್ಗೆ ಆರಕ್ಕೇ ಬೈಕ್ ಹತ್ತಿ ಹೊರಡುತ್ತಿದ್ದೆ. ಆಮೇಲೆ ಲಿಫ್ಟ್ ಬಿಟ್ಟೆ, ಸಿನಿಮಾ ಥಿಯೇಟರ್ ಬಿಟ್ಟೆ, ಎದೆ ಬಡಿತ ಜಾಸ್ತಿಯಾಗುತ್ತೆ ಅಂತ ಫಿಲ್ಟರ್ ಕಾಫಿಯನ್ನೂ ಬಿಟ್ಟೆ. ಆರು ತಿಂಗಳಲ್ಲಿ ನನ್ನ ಬೆಂಗಳೂರು ಒಂದು ರೂಮು, ಒಂದು ಲ್ಯಾಪ್‌ಟಾಪ್‌ನಷ್ಟಾಯಿತು. ಆಫೀಸಿನಲ್ಲಿ ಬೆನ್ನುನೋವು ಅಂತ ಸುಳ್ಳು ಹೇಳಿ ವರ್ಕ್ ಫ್ರಂ ಹೋಮ್ ಬೇಡಿಕೊಂಡೆ.

ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಅರಸೀಕೆರೆಗೆ ಹೋಗಲಿಲ್ಲ. ರೈಲಿನಲ್ಲಿ ಎದೆ ಹಿಡಿದರೆ ಅನ್ನೋ ಭಯ. ‘ರಿಲೀಸ್ ಇದೆ ಅಮ್ಮ’ ಅಂದೆ. ‘ಇರ್ಲಿ ಬಿಡು ಮಗಾ, ಪಕ್ಕದ್ಮನೆಯವ್ರು ಕರ್ಕೊಂಡು ಹೋಗ್ತಾರೆ’ ಅಂದರು. ಫೋನಿಟ್ಟ ಮೇಲೆ ಅತ್ತೆ. ಮಾರನೇ ದಿನವೇ ಥೆರಪಿಗೆ ಅಪಾಯಿಂಟ್‌ಮೆಂಟ್ ತಗೊಂಡೆ.

‘ಎಷ್ಟು ಸಲ ತಗೊಂಡಿದ್ದೀರಿ?’

ಥೆರಪಿ ಅಂದರೆ ಸೋಫಾ ಮೇಲೆ ಮಲಗಿ ಬಾಲ್ಯದ ಕಥೆ ಹೇಳೋದು ಅಂದುಕೊಂಡಿದ್ದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದ ಮೇಡಂ ಮೊದಲು ಕೈಗೆ ಕೊಟ್ಟಿದ್ದು ಬಿಳಿ ಹಾಳೆ, ಪೆನ್ನು. ‘ಆವತ್ತು ಮೊದಲು ಏನಾಯ್ತು, ಏನಂದ್ಕೊಂಡ್ರಿ, ಏನ್ ಮಾಡಿದ್ರಿ? ಬರೀರಿ.’

ಇದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಬರೆದಾಗ ಚಕ್ರವೊಂದು ಕಾಣಿಸಿತು. ಎದೆ ಸ್ವಲ್ಪ ಜೋರಾಗಿ ಬಡಿದರೆ ಸಾಕು, ‘ಹಾರ್ಟ್ ಅಟ್ಯಾಕ್’ ಅಂತ ಮನಸ್ಸು ಕೂಗುತ್ತದೆ. ಆ ಭಯಕ್ಕೆ ಅಡ್ರಿನಲಿನ್ ಹರಿದು ಎದೆ ಇನ್ನೂ ಜೋರು. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಕೈ ಜೋಮು, ತಲೆಸುತ್ತು. ಅದನ್ನು ಕಂಡು ಮತ್ತಷ್ಟು ಭಯ. ಆದರೆ ಈ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ನಾನು ಪ್ರತಿಸಲ ಅದು ಇಳಿಯುವ ಮುಂಚೆಯೇ ಓಡಿಹೋಗುತ್ತಿದ್ದೆ. ‘ಓಡಿದ್ದಕ್ಕೇ ಬದುಕಿದೆ’ ಅಂತ ಮೆದುಳು ತಪ್ಪು ಪಾಠ ಕಲಿಯುತ್ತಿತ್ತು.

‘ಕಳ್ಳ ಬಂದ್ರೆ ಕೂಗಬೇಕಾದ ಅಲಾರಂ ಬೆಕ್ಕು ಬಂದ್ರೂ ಕೂಗ್ತಿದೆ ಅಷ್ಟೇ’ ಅಂದರು ಮೇಡಂ. ರಾತ್ರಿ ಎರಡು ಗಂಟೆಗೆ ಬರುವ ಸುಳ್ಳು ಅಲರ್ಟ್‌ಗಳಿಗೆ ಎದ್ದು ಕೂತ ಅನುಭವವಿರುವ ನನಗೆ ಇದು ತಕ್ಷಣ ಅರ್ಥವಾಯಿತು.

ಮೂರನೇ ಸೆಷನ್‌ನಲ್ಲಿ ಕೇಳಿದರು: ‘ಧೈರ್ಯಕ್ಕೆ ಅಂತ ಏನಾದ್ರೂ ಜೊತೆಗಿಟ್ಕೊಳ್ತೀರಾ?’ ಪರ್ಸ್ ತೆಗೆದು ತೋರಿಸಿದೆ. ಅಪ್ಪನ ಮಾತ್ರೆ ಸ್ಟ್ರಿಪ್, ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವಂಥದ್ದು. ಅದಿಲ್ಲದೆ ನಾನು ಹಾಲು ತರಲೂ ಹೋಗುತ್ತಿರಲಿಲ್ಲ.

‘ಎಷ್ಟು ಸಲ ತಗೊಂಡಿದ್ದೀರಿ?’

‘ಒಂದ್ಸಲವೂ ಇಲ್ಲ.’

ಸ್ಟ್ರಿಪ್ ತಿರುಗಿಸಿ ನೋಡಿದರು. ಎಕ್ಸ್‌ಪೈರಿ 2021. ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನನಗೆ ಅಳು ಬಂತು. ಅದು ಔಷಧಿಯಾಗಿರಲಿಲ್ಲ, ಅಪ್ಪನಾಗಿದ್ದರು.

ಕುರ್ಚಿಯಲ್ಲಿ ಗಿರಗಿರ

ಆಮೇಲಿನ ಹೋಂವರ್ಕ್ ವಿಚಿತ್ರವಾಗಿತ್ತು. ಯಾವ ಅನುಭವಕ್ಕೆ ಹೆದರುತ್ತೇನೋ ಅದನ್ನೇ ಬೇಕೆಂದು ತರಿಸಿಕೊಳ್ಳಬೇಕು. ಎದೆ ಬಡಿತಕ್ಕೆ ಮೆಟ್ಟಿಲು ಹತ್ತಿ ಇಳಿಯೋದು. ತಲೆಸುತ್ತಿಗೆ ರಿವಾಲ್ವಿಂಗ್ ಚೇರ್‌ನಲ್ಲಿ ಗಿರಗಿರ ತಿರುಗೋದು. ಉಸಿರುಕಟ್ಟಿದ ಹಾಗಾಗಲು ತೆಳು ಸ್ಟ್ರಾ ಮೂಲಕ ಒಂದು ನಿಮಿಷ ಉಸಿರಾಡೋದು. ಪ್ರತಿಸಲ ‘ಏನಾಗುತ್ತೆ ಅಂದುಕೊಂಡೆ’, ‘ನಿಜವಾಗಿ ಏನಾಯ್ತು’ ಅಂತ ಎರಡು ಕಾಲಂ ತುಂಬಬೇಕು. ನನ್ನ ಹಾರ್ಟ್ ರಿಪೋರ್ಟ್ ನೋಡಿದ ಮೇಲಷ್ಟೇ ಅವರು ಇದನ್ನು ಶುರು ಮಾಡಿಸಿದ್ದು. ಓದಿದ ತಕ್ಷಣ ನೀವೇ ಪ್ರಯೋಗ ಮಾಡಬೇಡಿ.

ನಂತರ ಮೆಟ್ರೊ. ಮೊದಲು ಪ್ಲಾಟ್‌ಫಾರ್ಮ್‌ನಲ್ಲಿ ಸುಮ್ಮನೆ ನಿಂತೆ. ಮುಂದಿನ ವಾರ ಒಂದೇ ಸ್ಟೇಷನ್. ಆಮೇಲೆ ಸುರಂಗ, ಭಾನುವಾರದ ಖಾಲಿ ರೈಲಿನಲ್ಲಿ. ಕೊನೆಗೆ ಸೋಮವಾರ ಬೆಳಿಗ್ಗೆ ಒಂಬತ್ತರ ರಶ್‌ನಲ್ಲಿ, ಪರ್ಸ್‌ನಲ್ಲಿ ಸ್ಟ್ರಿಪ್ ಇಲ್ಲದೆ.

ಎಲ್ಲ ನೆಟ್ಟಗೆ ನಡೆಯಿತು ಅಂದರೆ ಸುಳ್ಳಾಗುತ್ತದೆ. ಎಂಟನೇ ಸೆಷನ್ ಆದ ಮೇಲೆ ಟೀಂ ಮೀಟಿಂಗ್‌ನಲ್ಲೇ ಮತ್ತೆ ಅಟ್ಯಾಕ್ ಬಂತು. ‘ಇಷ್ಟು ದಿನ, ಇಷ್ಟು ದುಡ್ಡು ಎಲ್ಲಾ ವೇಸ್ಟ್ ಮೇಡಂ’ ಅಂದೆ. ಅವರು ಕೇಳಿದ್ದು ಒಂದೇ: ‘ಎದ್ದು ಹೋದ್ರಾ?’

‘ಇಲ್ಲ. ಕೂತಿದ್ದೆ.’

‘ಮತ್ತೆ ಸೋತಿದ್ದೆಲ್ಲಿ?’

ಭಯ ಬರಬಾರದು ಅಂತ ಥೆರಪಿಗೆ ಹೋಗಿದ್ದೆ. ಬಂದರೂ ಜೊತೆಗೆ ಕೂರಬಹುದು ಅಂತ ಕಲಿತು ಬಂದೆ. ಹನ್ನೆರಡು ಸೆಷನ್‌ಗಳ ಗಳಿಕೆ ಇಷ್ಟೇ, ಇದು ಸಣ್ಣದಲ್ಲ. ಕೆಲವರಿಗೆ ಮನೋವೈದ್ಯರ ಸಲಹೆಯಂತೆ ಮಾತ್ರೆಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅಮ್ಮ ಹೇಳಿದ್ದು

ಕಳೆದ ದಸರೆಗೆ ಅಮ್ಮನನ್ನು ನಾನೇ ಹೋಗಿ ರೈಲಿನಲ್ಲಿ ಕರೆತಂದೆ. ಒಂದು ದಿನ ಮೆಟ್ರೊದಲ್ಲಿ ಎಂ.ಜಿ. ರೋಡ್‌ಗೆ ಹೊರಟೆವು. ಮೆಜೆಸ್ಟಿಕ್ ದಾಟಿದಾಗ ಎದೆ ಬಡಿತ ಶುರುವಾಯಿತು. ಈ ಸಲ ಸುಳ್ಳು ಹೇಳಲಿಲ್ಲ. ‘ಅಮ್ಮ, ನಂಗೆ ಇಲ್ಲಿ ಭಯ ಆಗುತ್ತೆ. ಸ್ವಲ್ಪ ಹೊತ್ತಿಗೆ ಹೋಗುತ್ತೆ’ ಅಂದೆ. ಆಪರೇಷನ್‌ಗೆ ಬರದಿದ್ದ ಕಾರಣವನ್ನೂ ಹೇಳಿಬಿಟ್ಟೆ.

ಅಮ್ಮ ನನ್ನ ಕೈ ಹಿಡಿದುಕೊಂಡರು. ಎಷ್ಟೋ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಅಂದರು: ‘ನಿಮ್ಮಪ್ಪ ಹೋದ್ಮೇಲೆ ನಂಗೂ ರಾತ್ರಿ ಹಿಂಗೇ ಎದೆ ಬಡ್ಕೊಳ್ತಿತ್ತು ಕಣೋ. ಈಗ್ಲೂ ಒಂದೊಂದ್ಸಲ ಆಗುತ್ತೆ. ನೀನು ಗಾಬರಿ ಬೀಳ್ತೀಯ ಅಂತ ಹೇಳ್ಲಿಲ್ಲ.’

ಒಂದೇ ಮನೆಯ ಇಬ್ಬರು ಇಷ್ಟು ವರ್ಷ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡೇ ಹೆದರುತ್ತಿದ್ದೆವು.

ಆ ರಾತ್ರಿ ಅಮ್ಮನ ಫೋನ್‌ನಲ್ಲಿ ಒಂದು ನಂಬರ್ ಸೇವ್ ಮಾಡಿಕೊಟ್ಟೆ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವೂ ಸೇವ್ ಮಾಡಿಟ್ಟುಕೊಳ್ಳಿ. ಎದೆನೋವು ಮೊದಲ ಸಲ ಬಂದರೆ ಮಾತ್ರ ಭಯವೇ ಇರಬೇಕು ಅಂತ ಸುಮ್ಮನಿರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.

ಮುಂದಿನ ವಾರ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಮೆಟ್ರೊದಲ್ಲೇ.