ಗಿಟಾರಿನ ಗಣಕಪೆಟ್ಟಿಗೆ

ರೇಡಿಯೋ ಇರುವ ಮನೆಯವರೆಲ್ಲರಿಗೂ ಒಂದು ಅನುಭವ ಉಂಟು. ವಾರ್ತೆ ಚೆನ್ನಾಗಿ ಕೇಳಲೆಂದು ಧ್ವನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ದನಿ ದೊಡ್ಡದಾಗುವುದರ ಜೊತೆಗೆ ಒಡೆಯುತ್ತದೆ. ವಾರ್ತೆ ಓದುವವರ ಗಂಟಲಲ್ಲಿ ಮರಳು ಸಿಕ್ಕಿದಂತೆ ಕರಕರ ಎನ್ನುತ್ತದೆ. "ಸಣ್ಣದು ಮಾಡೋ" ಎಂದು ಮನೆಯ ಹಿರಿಯರು ಗದರುತ್ತಾರೆ. ರೇಡಿಯೋ ತಯಾರಿಸುವವರ ಕಣ್ಣಿಗೆ ಇದು ದೋಷ. ಆದರೆ ಇದೇ ದೋಷವನ್ನು ಹಣ ಕೊಟ್ಟು ಕೊಳ್ಳುವವರೂ ಇದ್ದಾರೆ. ಅವರು ವಿದ್ಯುತ್ ಗಿಟಾರ್ ನುಡಿಸುವವರು. ಆ ಒಡಕನ್ನು ಬರಿಯ ಲೆಕ್ಕದಿಂದಲೇ ಹುಟ್ಟಿಸುವ ಪೆಟ್ಟಿಗೆಯೊಂದು ನಮ್ಮ ಮತ್ತಿಕೆರೆಯ ಓಣಿಗೂ ಬಂದಿದೆ. ಅದಕ್ಕೆ ಮಾಡೆಲರ್ ಎಂದು ಹೆಸರು. ಅದನ್ನು ಕಂಡು, ಕೇಳಿ, ನನಗೆ ತಿಳಿದ ಮಟ್ಟಿಗೆ ನಿಮಗೆ ವಿವರಿಸುವುದು ಈ ಬರಹದ ಉದ್ದೇಶ.

ಮೊದಲು ಗಿಟಾರಿನ ಸಂಗತಿ. ವೀಣೆಗೆ ಕೊಡ ಇದೆ, ತಂಬೂರಿಗೆ ಬುರುಡೆ ಇದೆ; ತಂತಿಯ ನಾದ ಅಲ್ಲಿ ತುಂಬಿಕೊಂಡು ಹೊರಬರುತ್ತದೆ. ವಿದ್ಯುತ್ ಗಿಟಾರಿನ ಮೈಯಾದರೋ ಸಾಮಾನ್ಯವಾಗಿ ಒಂದು ಗಟ್ಟಿ ಮರದ ಹಲಗೆ. ಮೀಟಿದರೆ ಮಗ್ಗುಲಲ್ಲಿ ಕುಳಿತವರಿಗೆ ಕೇಳಿಸಿದರೆ ಹೆಚ್ಚು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿದೆ. ಅದರ ಸುತ್ತ ಕೂದಲೆಳೆಯಷ್ಟು ನವುರಾದ ತಾಮ್ರದ ಸುರುಳಿ. ತಂತಿ ಅಲುಗಿದ ಹಾಗೆಲ್ಲ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆರು ತಂತಿಗಳಲ್ಲಿ ಅತಿ ಮಂದ್ರವಾದುದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ವಿದ್ಯುತ್ತೂ ಅಷ್ಟೇ ಸಲ ಏರಿಳಿಯುತ್ತದೆ. ಇದನ್ನು ಬಲಪಡಿಸಿ ಧ್ವನಿವರ್ಧಕಕ್ಕೆ ಕೊಡುವುದು ಆಂಪ್ಲಿಫೈಯರ್. ಆದುದರಿಂದ ಈ ವಾದ್ಯದ ಅರ್ಧ ಹಲಗೆಯಲ್ಲಿದೆ, ಉಳಿದರ್ಧ ಆಂಪ್ಲಿಫೈಯರಿನಲ್ಲಿದೆ ಎನ್ನಬೇಕು.

ಹಳೆಯ ಆಂಪ್ಲಿಫೈಯರುಗಳು ವಾಲ್ವಿನವು. ವಾಲ್ವು ನಮ್ಮ ಕಡೆಯವರಿಗೆ ಹೊಸತಲ್ಲ. ಮತ್ತಿಕೆರೆಗೆ ಸಮೀಪದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ. ಅದು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ವಾಲ್ವೂ, ಅದನ್ನು ಮೂಲೆಗೆ ತಳ್ಳಿದ ದಾಯಾದಿಯೂ ಒಂದು ವರ್ಷದ ಅಂತರದಲ್ಲಿ ಒಂದೇ ಸಂಸ್ಥೆಯಿಂದ ಹೊರಬಂದುವು! ಇಂದು ಗಿಟಾರ್ ಆಂಪ್ಲಿಫೈಯರಿನ ವಾಲ್ವು ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾಗಳ ಕಡೆ ನೋಡಬೇಕು.

ವಾಲ್ವು ತನ್ನ ಮಿತಿಯೊಳಗೆ ಕೊಟ್ಟ ಅಲೆಯನ್ನು ಹಾಗೆಯೇ ದೊಡ್ಡದು ಮಾಡುತ್ತದೆ. ಮಿತಿ ಮೀರಿ ತಳ್ಳಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಗೋಪುರದ ಶಿಖರ ಕಡಿದು ತಾರಸಿ ಹಾಕಿದಂತೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಎರಡರಷ್ಟು, ಮೂರರಷ್ಟು, ಐದರಷ್ಟು ವೇಗದ ಕಂಪನಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಇಂಥವನ್ನು ನಮ್ಮ ಸಂಗೀತಗಾರರು ಬಲ್ಲರು. ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ನುಡಿಸದ ಅಂತರ ಗಾಂಧಾರ ತಾನಾಗಿ ಕೇಳುತ್ತದಲ್ಲ, ಆ ಸ್ವಯಂಭೂ ಸ್ವರದ ಜಾತಿಯವೇ ಇವೂ. ತಂಬೂರಿಯಲ್ಲಿ ಅದನ್ನು ಎಬ್ಬಿಸುವುದು ಬಾಗಿದ ಕುದುರೆ ಮತ್ತು ಜೀವಾಳದ ಎಳೆ. ತಂತಿಯನ್ನು ಇಂಥ ಬಿಂದುವಿನಲ್ಲಿ ಮೀಟಿದರೆ ಇಂಥ ಉಪಸ್ವರ ಹುಟ್ಟಲಾರದೆಂಬ ಪಶ್ಚಿಮದ ನಿಯಮವನ್ನು ತಂಬೂರಿ, ವೀಣೆಗಳು ಮೀರುತ್ತವೆಂದು ಸಿ. ವಿ. ರಾಮನ್ ಅವರು 1921ರಲ್ಲೇ ಬರೆದಿದ್ದರು. ಅವರೇ 1933ರಲ್ಲಿ ಮತ್ತಿಕೆರೆಯ ಮಗ್ಗುಲಿನ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದವರು. ನಾವು ಜೀವಾಳ ಎಂದು ಕರೆದು ಆದರಿಸುವುದನ್ನೇ ಗಿಟಾರಿನವರು ವಾಲ್ವಿನ ಒಡಕಿನಲ್ಲಿ ಕಂಡುಕೊಂಡರು. ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದದಲ್ಲಿ ದೋಷಾದೋಷಗಳ ನಿರ್ಣಯವಿದೆ. ಎಲ್ಲಿ ಯಾವುದು ದೋಷ ಎಂಬ ಪ್ರಶ್ನೆ ಅಂದಿನಿಂದಲೂ ಸುಲಭದ್ದಲ್ಲ.

ಇಲ್ಲೊಂದು ತೊಡಕಿದೆ. ವಾಲ್ವನ್ನು ಒಡೆಯುವಷ್ಟು ತಳ್ಳಬೇಕಾದರೆ ಸಾಮಾನ್ಯವಾಗಿ ಅಬ್ಬರವೂ ಅಷ್ಟೇ ಇರಬೇಕು. ದೊಡ್ಡ ಸಭಾಂಗಣಕ್ಕೆ ಅದು ಸರಿ. ಮತ್ತಿಕೆರೆಯ ಓಣಿಯಲ್ಲಿ ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆ. ನಮ್ಮ ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ತಂಗಿಗೆ ಈ ವರ್ಷ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ, ಅಜ್ಜ ಹಾಸಿಗೆ ಹಿಡಿದಿದ್ದಾರೆ. ಬಾಡಿಗೆಯ ಮನೆ, ಮೇಲಿನ ಅಂತಸ್ತಿನ ಮಾಲೀಕರು ಎರಡು ಸಲ ಕೆಳಗಿಳಿದು ಬಂದು ಎಚ್ಚರಿಸಿದ್ದರು. "ಗಿಟಾರೋ ಮನೆಯೋ, ಒಂದು ಆರಿಸಿಕೋ" ಎಂದು ತಂದೆ ಹೇಳಿದ ಮೇಲೆ ಹುಡುಗ ತನ್ನ ಆಂಪ್ಲಿಫೈಯರನ್ನು ಮಾರಿ, ಟ್ಯೂಷನ್ನಿನಿಂದ ಕೂಡಿಸಿದ ಹಣವನ್ನೂ ಸೇರಿಸಿ ಈ ಪೆಟ್ಟಿಗೆ ತಂದ. ಇದು ಕೈಕೊಟ್ಟಿದ್ದರೆ ಅವನ ಗಿಟಾರು ಅಟ್ಟ ಸೇರುತ್ತಿತ್ತು.

"ಮೇಷ್ಟ್ರೇ, ಒಂದು ಸಲ ಬಂದು ಕೇಳಿ" ಎಂದು ಕರೆದ. ಹೋಗಿ ನೋಡಿದರೆ ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರ. ಕಾಲಿನಿಂದ ಒತ್ತುವ ಗುಂಡಿಗಳು, ಅಂಗೈಯಗಲದ ಒಂದು ಪರದೆ. ಗಿಟಾರಿನ ತಂತಿಯನ್ನು ಸಿಕ್ಕಿಸಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ಕೋಣೆಯಲ್ಲಿ ಟಿಕ್ ಟಿಕ್ ಎಂಬ ತಂತಿಯ ಸದ್ದಷ್ಟೆ. ನನ್ನ ಕಿವಿಯಲ್ಲಿ ಗುಡುಗು! ತಂಗಿ ಅದೇ ಕೋಣೆಯಲ್ಲಿ ತಲೆಯೆತ್ತದೆ ಓದುತ್ತಿದ್ದಳು. ನನಗೆ ಮೊದಲು ಮೆಚ್ಚಿಕೆಯಾದದ್ದು ನಾದಕ್ಕಿಂತಲೂ ಇದೇ.

ಪರದೆಯ ಮೇಲೆ ಆಂಪ್ಲಿಫೈಯರುಗಳ ದೊಡ್ಡ ಪಟ್ಟಿ. ಅನೇಕ ಹೆಸರುಗಳು ಒಗಟಿನಂತಿವೆ. ಅನ್ಯರ ವ್ಯಾಪಾರದ ಹೆಸರನ್ನು ನೇರವಾಗಿ ಬಳಸಲಾಗದ್ದರಿಂದ ಸುಳುಹು ಮಾತ್ರ ಕೊಡುತ್ತಾರೆ. ನಮ್ಮ ಅಜ್ಜಿಯರು ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಸೂಚಿಸುತ್ತಿದ್ದಂತೆ.

ಇದು ಕೆಲಸ ಮಾಡುವ ಬಗೆ ಹೀಗೆ. ಗಿಟಾರಿನಿಂದ ಬಂದ ವಿದ್ಯುತ್ತನ್ನು ಪೆಟ್ಟಿಗೆ ಸೆಕೆಂಡಿಗೆ 48,000 ಸಲ ಅಳೆದು ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದುಕೊಳ್ಳುತ್ತದೆ. ವಾಲ್ವು ಇಷ್ಟು ಕೊಟ್ಟರೆ ಎಷ್ಟು ಚಪ್ಪಟೆ ಮಾಡುತ್ತಿತ್ತು ಎಂಬುದಕ್ಕೆ ಸೂತ್ರವಿದೆ. ಅಂಕಿಗಳು ಆ ಸೂತ್ರದ ಮೂಲಕ ಹಾದು ಮತ್ತೆ ವಿದ್ಯುತ್ತಾಗಿ ಹೊರಬರುತ್ತವೆ. ಧ್ವನಿವರ್ಧಕದ ಮರದ ಪೆಟ್ಟಿಗೆಗೂ ತನ್ನದೇ ಕಂಠವಿದೆ. ಅದನ್ನು ಹಿಡಿಯುವ ಉಪಾಯ ಸೊಗಸಾದದ್ದು. ವಿಜಯಪುರದ ಗೋಳಗುಮ್ಮಟದಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ಅದು ಮರುದನಿಸಿ ಅಡಗುವವರೆಗೆ ಧ್ವನಿಮುದ್ರಿಸಿಕೊಂಡಿರೆನ್ನಿ. ಮುಂದೆ ನೀವು ಮನೆಯಲ್ಲಿ ಹಾಡಿದ ಹಾಡಿನ ಕ್ಷಣಕ್ಷಣವನ್ನೂ ಒಂದೊಂದು ಚಪ್ಪಾಳೆಯೆಂದು ಎಣಿಸಿ, ಒಂದೊಂದರ ಮರುದನಿಯನ್ನೂ ಲೆಕ್ಕಹಾಕಿ ಕೂಡಿಸಿದರೆ, ಗುಮ್ಮಟದಲ್ಲೇ ಹಾಡಿದಂತಾಗುತ್ತದೆ. ಮರದ ಪೆಟ್ಟಿಗೆಯ ವಿಷಯದಲ್ಲಿ ಮಾಡುವುದೂ ಇದನ್ನೇ. ಈಚಿನ ಕೆಲವು ಯಂತ್ರಗಳು ನಿಜವಾದ ಆಂಪ್ಲಿಫೈಯರನ್ನು ಕೇಳಿ ತಾವೇ ಅದರ ನಡೆಯನ್ನು ಕಲಿಯುತ್ತವೆ.

ಇಷ್ಟೆಲ್ಲ ಲೆಕ್ಕಕ್ಕೆ ಹೊತ್ತು ಹಿಡಿಯುವುದಿಲ್ಲವೇ ಎಂದು ನೀವು ಕೇಳಬಹುದು. ಹಿಡಿಯುತ್ತದೆ, ಸೆಕೆಂಡಿನ ಸಾವಿರದ ಕೆಲವು ಭಾಗ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ ಸಾವಿರದ ಮೂರು ಭಾಗ ಬೇಕು. ಧ್ವನಿವರ್ಧಕದಿಂದ ಒಂದೆರಡು ಹೆಜ್ಜೆ ಹಿಂದೆ ನಿಂತಂತೆ, ಅಷ್ಟೆ.

ಹಾಗಾದರೆ ಇದು ನಿಜವಾದ ಆಂಪ್ಲಿಫೈಯರಿಗೆ ಸಮವೇ? ಹುಡುಗನ ಗೆಳೆಯನೊಬ್ಬ ಅಲ್ಲೇ ಕುಳಿತಿದ್ದ. "ಇದು ನಕಲು ಸಾರ್, ಎದೆಗೆ ತಾಗುವುದಿಲ್ಲ" ಎಂದ. ನಮ್ಮ ಕಾವ್ಯಮೀಮಾಂಸೆಯಲ್ಲಿ ಈ ಜಗಳ ಹಳೆಯದು. ನಟನು ರಾಮನನ್ನು ಅನುಕರಿಸುತ್ತಾನೆ. ಗೋಡೆಯ ಮೇಲಿನ ಚಿತ್ರದ ಕುದುರೆಯನ್ನು ಕುದುರೆ ಎನ್ನುವಂತೆ ನಾವು ಅವನನ್ನು ರಾಮ ಎನ್ನುತ್ತೇವೆ, ಅದು ನಿಜವೂ ಅಲ್ಲ ಸುಳ್ಳೂ ಅಲ್ಲ ಎಂದು ಶ್ರೀಶಂಕುಕನ ವಾದ. ಅವನ ಗ್ರಂಥ ಉಳಿದಿಲ್ಲ. ಅಭಿನವಗುಪ್ತನ ಖಂಡನೆಯಲ್ಲಿ ಉಳಿದಿದೆ. ನಟನು ರಾಮನನ್ನು ಕಂಡೇ ಇಲ್ಲ, ಕಾಣದ್ದನ್ನು ಅನುಕರಿಸುವುದೆಂತು ಎಂಬುದು ಆಕ್ಷೇಪ. ನಾನು ಆ ಗೆಳೆಯನನ್ನು ಕೇಳಿದೆ: "ನೀನು ಆ ಹಳೆಯ ಆಂಪ್ಲಿಫೈಯರನ್ನು ಎದುರಿಗೆ ಕೇಳಿದ್ದೀಯೇನಪ್ಪ?" ಇಲ್ಲ, ರೆಕಾರ್ಡಿನಲ್ಲಿ ಕೇಳಿದ್ದ.

ನನ್ನ ತೀರ್ಮಾನಕ್ಕೆ ಇದೇ ದಾರಿ ತೋರಿತು. ಈ ಪೆಟ್ಟಿಗೆ ಕೋಣೆಯಲ್ಲಿ ಎದುರಿಗೆ ನಿಂತ ಆಂಪ್ಲಿಫೈಯರಿನ ಚಿತ್ರವನ್ನು ಬರೆಯುವುದಿಲ್ಲ. ಸ್ಟುಡಿಯೋದಲ್ಲಿ ಅದರ ಮುಂದೆ ಮೈಕ್ ಇಟ್ಟು ಕೇಳಿದ ಆಂಪ್ಲಿಫೈಯರಿನ ಚಿತ್ರವನ್ನು ಬರೆಯುತ್ತದೆ. ಪಟ್ಟಿಯಲ್ಲಿ ಮೈಕು ಆರಿಸುವುದಕ್ಕೂ ಜಾಗವಿರುವುದನ್ನು ನೋಡಿ. ಎದುರಿಗೆ ಕುಳಿತು ಕಚೇರಿ ಕೇಳುವುದಕ್ಕೂ ಅದನ್ನೇ ಆಕಾಶವಾಣಿಯಲ್ಲಿ ಕೇಳುವುದಕ್ಕೂ ಇರುವ ಅಂತರ ನಿಮಗೆ ಗೊತ್ತೇ ಇದೆ. ಎದೆಗೆ ತಾಗುವುದು ಗಾಳಿಯ ಕೆಲಸ, ಹೆಡ್‌ಫೋನಿನಲ್ಲಿ ಅದು ಬಾರದು. ರೇಡಿಯೋದಲ್ಲಿ ಕೇಳಿದ ಸಂಗೀತವನ್ನು ಸುಳ್ಳೆಂದು ತಳ್ಳದವರು ಇದನ್ನೂ ತಳ್ಳಬೇಕಾಗಿಲ್ಲ. ಬೆಂಗಳೂರಿನವರೇ ಆದ, ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಎಷ್ಟು ಮನೆಗಳ ಪಾಠಕ್ಕೆ ಶ್ರುತಿ ಹಿಡಿದಿಲ್ಲ!

ಅಸಲು, ನಕಲು ಎಂಬ ಗೆರೆಯೂ ನಾವೆಣಿಸಿದಷ್ಟು ನೇರವಲ್ಲ. 1962ರಲ್ಲಿ ಲಂಡನ್ನಿನ ಅಂಗಡಿಕಾರ ಜಿಮ್ ಮಾರ್ಷಲ್ ತಂಡದವರು ತಮ್ಮ ಮೊದಲ ಆಂಪ್ಲಿಫೈಯರನ್ನು ಅಮೆರಿಕದ ಫೆಂಡರ್ ಬಾಸ್‌ಮನ್ ನೋಡಿಕೊಂಡೇ ಕಟ್ಟಿದರು. ಬಿಡಿಭಾಗಗಳೂ ಧ್ವನಿವರ್ಧಕವೂ ಬೇರೆಯಾದುದರಿಂದ ದನಿ ಬೇರೆಯಾಯಿತು. ಇಂದು ಪೆಟ್ಟಿಗೆಗಳು ಅನುಕರಿಸಲು ಹೆಣಗುವುದು ಆ ಅನುಕರಣೆಯನ್ನು!

ನನಗೆ ಕಂಡ ಕೊರತೆ ಬೇರೆ. ಮೊದಲ ನಾಲ್ಕು ಸಂಜೆ ಹುಡುಗ ನುಡಿಸಲೇ ಇಲ್ಲ. ದನಿ ಆರಿಸುತ್ತಲೇ ಇದ್ದ. ಐವತ್ತು ಲೇಖನಿ ಕೊಂಡು ಪ್ರಬಂಧ ಬರೆಯದ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ಕಂಡವನು ನಾನು. ಒಂದು ತಿಂಗಳು ಒಂದೇ ದನಿ ಇಟ್ಟುಕೋ ಎಂದೆ. ನಗುತ್ತ ಎರಡು ಇಟ್ಟುಕೊಂಡಿದ್ದಾನೆ.

ಚಿತ್ರಗೀತೆಗಳಲ್ಲಿ ಒಡಕು ಗಿಟಾರಿನ ಮೊರೆತ ಬಂದಾಗ ಒಂದನ್ನು ಗಮನಿಸಿ. ಅನೇಕ ವೇಳೆ ಅಲ್ಲಿ ನುಡಿಯುವುದು ಷಡ್ಜ ಪಂಚಮಗಳೆರಡೇ. ಒಡಕಿನಲ್ಲಿ ಎರಡು ಸ್ವರ ಸೇರಿದರೆ ಅವುಗಳ ಕಂಪನಗಳ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ. ಷಡ್ಜ ಎರಡು, ಪಂಚಮ ಮೂರು. ಕಳೆದರೆ ಒಂದು, ಅದು ಕೆಳಸ್ಥಾಯಿಯ ಷಡ್ಜ. ಗಾಂಧಾರ ಸೇರಿಸಿದರೆ ಕೆಡುತ್ತದೆ, ಏಕೆಂದರೆ ಗಿಟಾರಿನ ಮೆಟ್ಟಿಲಿನ ಗಾಂಧಾರ, ಹಾರ್ಮೋನಿಯಂನಲ್ಲಿರುವಂತೆ, ಶುದ್ಧ ಅನುಪಾತಕ್ಕಿಂತ ತುಸು ಏರಿದ್ದು. ಹುಡುಗ ಎರಡನ್ನೂ ನುಡಿಸಿ ತೋರಿಸಿದ. ಮೊದಲನೆಯದರಲ್ಲಿ, ಯಾವ ತಂತಿಯಲ್ಲೂ ಇಲ್ಲದ ಮಂದ್ರ ಷಡ್ಜ ಕಿವಿಯ ತಳದಲ್ಲಿ ನಿಚ್ಚಳವಾಗಿ ನಿಂತಿತ್ತು.